ಟ್ರೈಲರ್‌ಗೆ ವಾಟರ್ ಪ್ರೆಶರ್ ರೆಗ್ಯುಲೇಟರ್ ಯಾವ್ದು ತಗೊಳ್ಲಿ, ಅದನ್ನೇ ಮನೆ ಲೈನ್‌ಗೂ ಹಾಕ್ಬೋದಾ?

ಹಾಸನ_ಟು_ಡೆನ್ವರ್:

ಎಲ್ರಿಗೂ ನಮಸ್ಕಾರ. ಮೊನ್ನೆ ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೈಲರ್ ತಗೊಂಡ್ವಿ, 24 ಅಡಿದು, 2016ರ ಮಾಡೆಲ್. ಜೂನ್‌ಗೆ ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಅವರನ್ನ ಕರ್ಕೊಂಡು ಮೋಆಬ್, ಅಲ್ಲಿಂದ ಗ್ರ್ಯಾಂಡ್ ಕ್ಯಾನಿಯನ್ ಕಡೆ ಹೋಗೋ ಪ್ಲ್ಯಾನ್ ಇದೆ. ಕ್ಯಾಂಪ್‌ಗ್ರೌಂಡ್ ಬುಕ್ ಮಾಡ್ದಾಗ ಅವರು ಕಳ್ಸಿದ ಈಮೇಲಲ್ಲೇ ಬರ್ದಿದಾರೆ, ನಮ್ಮಲ್ಲಿ ನೀರಿನ ಪ್ರೆಶರ್ ಜಾಸ್ತಿ, ರೆಗ್ಯುಲೇಟರ್ ಇಲ್ದೆ ಹೋಸ್ ಕನೆಕ್ಟ್ ಮಾಡ್ಬೇಡಿ ಅಂತ.

ಅಂಗಡಿಗೆ ಹೋದ್ರೆ ಎರಡು ತರ ಇದೆ. ಒಂದು ಹೆಬ್ಬೆರಳು ದಪ್ಪದ ಸಣ್ಣ ಹಿತ್ತಾಳೆ ಪೀಸು, ಹತ್ತು ಹದಿನೈದು ಡಾಲರ್. ಇನ್ನೊಂದು ಸ್ವಲ್ಪ ದಪ್ಪ, ಮೇಲೆ ಗೇಜ್ ಇದೆ, ಸ್ಕ್ರೂ ತಿರುಗಿಸಿ ಅಡ್ಜಸ್ಟ್ ಮಾಡೋದು, ಅದಕ್ಕೆ ಮೂರು ನಾಲ್ಕು ಪಟ್ಟು ದುಡ್ಡು. ಎರಡೂ ಒಂದೇ ಕೆಲ್ಸ ಮಾಡತ್ತಾ? ಅಮ್ಮಂಗೆ ಸ್ನಾನಕ್ಕೆ ನೀರು ಚೆನ್ನಾಗಿ ಬರ್ಬೇಕು, ಮಂಡಿ ನೋವು ಬೇರೆ, ಸಣ್ಣಗೆ ಬರೋ ಶವರ್ ಕೆಳಗೆ ಕಾಲು ಗಂಟೆ ನಿಲ್ಸೋಕೆ ನನಗೆ ಮನಸ್ಸಿಲ್ಲ.

ಇದ್ರ ಜೊತೆ ಮನೆದೊಂದು ಪ್ರಶ್ನೆ. ಈ ವಿಷ್ಯ ಓದ್ತಾ ಓದ್ತಾ ಒಂದು ಗೇಜ್ ತಂದು ಮನೆ ಹಿಂದಿನ ಗಾರ್ಡನ್ ನಲ್ಲಿಗೆ ಹಾಕಿ ನೋಡ್ದೆ, 95 ಪಿಎಸ್‌ಐ (ಪ್ರೆಶರ್ ಅಳತೆ) ತೋರಿಸ್ತು. ವಾಷಿಂಗ್ ಮಷೀನ್ ನೀರು ನಿಲ್ಸಿದಾಗೆಲ್ಲ ಗೋಡೆ ಒಳಗಿಂದ ದಬ್ ಅಂತ ಸದ್ದು ಬರತ್ತೆ, ಟಾಯ್ಲೆಟ್ ಟ್ಯಾಂಕ್ ತುಂಬೋವಾಗ ಸೀಟಿ ಹೊಡೆಯೋ ತರ ಶಬ್ದ. ಈ ಆರ್‌ವಿ (ಟ್ರೈಲರ್ ತರದ ಗಾಡಿ) ರೆಗ್ಯುಲೇಟರ್‌ನೇ ಇನ್ನೊಂದು ತಂದು ಮನೆ ಲೈನ್‌ಗೆ ಹಾಕಿದ್ರೆ ಆಗತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.

ಗಾಲಿ_ಮನೆ:

ಅಪ್ಪ ಅಮ್ಮನ ಕರ್ಕೊಂಡು ಟ್ರೈಲರಲ್ಲಿ ಹೋಗ್ತಿದೀರ ಅಂದ್ರೆ ಕೇಳೋಕೇ ಖುಷಿ ಆಯ್ತು. ನಾವು ಟೆಕ್ಸಾಸ್‌ನಲ್ಲಿದೀವಿ, ಬೇಸಿಗೆ ರಜೆ ಪೂರ್ತಿ ನಮ್ದು ಗಾಲಿ ಮೇಲೇ ಸಂಸಾರ. ಮನೆ ಲೈನ್ ವಿಷ್ಯ ಬೇರೆಯವ್ರು ಹೇಳ್ಲಿ, ಟ್ರೈಲರ್‌ದು ನಾನು ಹೇಳ್ತೀನಿ.

ದುಡ್ಡು ಕೊಟ್ಟು ಗೇಜ್ ಇರೋದೇ ತಗೊಳ್ಳಿ. ಸಣ್ಣದು 40ರಿಂದ 50 ಪಿಎಸ್‌ಐ ಅಂತ ಫ್ಯಾಕ್ಟರಿಯಲ್ಲೇ ಸೆಟ್ ಆಗಿರತ್ತೆ, ಪ್ರೆಶರ್ ಇಳ್ಸತ್ತೆ ಅನ್ನೋದು ನಿಜ, ಆದ್ರೆ ಅದ್ರ ಒಳಗೆ ನೀರು ಹೋಗೋ ದಾರಿ ತುಂಬಾ ಕಿರಿದು, ಹಂಗಾಗಿ ನಲ್ಲಿ ಬಿಟ್ಟ ತಕ್ಷಣ ನೀರಿನ ಪ್ರಮಾಣನೇ ಕಮ್ಮಿ ಆಗತ್ತೆ, ಒಬ್ರು ಪಾತ್ರೆ ತೊಳೀತಾ ಇದ್ರೆ ಇನ್ನೊಬ್ರ ಶವರ್ ಸೊರಗತ್ತೆ. ಎಷ್ಟೋ ಜನ ರೆಗ್ಯುಲೇಟರ್ ಸಹವಾಸನೇ ಬೇಡ ಅಂತ ಕಿತ್ತು ಹಾಕೋದು ಇದೇ ಕಾರಣಕ್ಕೆ, ಅದೇ ಅಪಾಯ. ದಪ್ಪದ್ರಲ್ಲಿ ಡಯಾಫ್ರಮ್ (ಪ್ರೆಶರ್‌ಗೆ ಬಾಗೋ ಒಳಗಿನ ಪರದೆ) ದೊಡ್ಡದು, ಸ್ಪ್ರಿಂಗ್ ದೊಡ್ಡದು, ನೀರು ಹರಿಯೋಕೆ ಜಾಗ ಇರತ್ತೆ, ಎಲ್ಲಾ ನಲ್ಲಿ ಮುಚ್ಚಿದಾಗ 50 ಇದ್ದಿದ್ದು ಶವರ್ ಓಡ್ತಾ ಇದ್ರೂ ತೀರಾ ಕೆಳಗೆ ಬೀಳಲ್ಲ. ಅಮ್ಮನ ಸ್ನಾನದ ಚಿಂತೆ ಇದ್ರೆ ಇಷ್ಟೇ ಸಾಕು ಕಾರಣ. ಪ್ಯಾಕೆಟ್ ಮೇಲೆ ಲೆಡ್ ಫ್ರೀ ಅಂತ ಇದೆಯಾ ನೋಡ್ಕೊಳ್ಳಿ. ಕುಡಿಯೋ ನೀರಿನ ಸಾಮಾನಲ್ಲಿ ನೀರು ತಾಗೋ ಭಾಗದಲ್ಲಿ ಸೀಸ 0.25 ಪರ್ಸೆಂಟ್ ದಾಟಬಾರ್ದು ಅನ್ನೋ ನಿಯಮ 2014ರಿಂದ ಇಲ್ಲಿದೆ, ಆದ್ರೂ ಆನ್‌ಲೈನಲ್ಲಿ ಹೆಸ್ರಿಲ್ಲದ ಸರಕು ಬೇಕಾದಷ್ಟು ಸಿಗತ್ತೆ.

ಎಷ್ಟಕ್ಕೆ ಸೆಟ್ ಮಾಡ್ಬೇಕು ಅಂದ್ರೆ 45ರಿಂದ 50. ನಿಮ್ಮ ಟ್ರೈಲರ್ ಒಳಗೆ ಟ್ಯಾಂಕ್ ನೀರು ಎಳ್ಯೋಕೆ ಒಂದು 12 ವೋಲ್ಟ್ ಪಂಪ್ ಇರತ್ತಲ್ಲ, ಅದು ಸಾಮಾನ್ಯವಾಗಿ 45ರಿಂದ 55 ಪಿಎಸ್‌ಐಗೆ ಕಟ್ ಆಫ್ ಆಗತ್ತೆ, ಅಂದ್ರೆ ಒಳಗಿನ ನಲ್ಲಿ, ಶವರ್ ಎಲ್ಲಾ ಆ ಪ್ರೆಶರ್‌ಗೆ ಚೆನ್ನಾಗೇ ಕೆಲ್ಸ ಮಾಡತ್ತೆ, ಅದಕ್ಕಿಂತ ಜಾಸ್ತಿ ಕೊಟ್ಟು ಲಾಭ ಇಲ್ಲ. ನಿಮ್ದು 2016ರದ್ದು ಅಂದ್ರೆ ಪೆಕ್ಸ್ ಅನ್ನೋ ಪ್ಲಾಸ್ಟಿಕ್ ಪೈಪ್ ಇರತ್ತೆ, ಪೈಪು ತಣ್ಣೀರಿಗೆ 160 ಪಿಎಸ್‌ಐ ತಡಿಯತ್ತೆ, ಹಾಗಂತ ಧೈರ್ಯ ಮಾಡ್ಬೇಡಿ. ಒಡೆಯೋದು ಪೈಪಲ್ಲ, ಅದ್ರ ಪ್ಲಾಸ್ಟಿಕ್ ಫಿಟಿಂಗು, ಟಾಯ್ಲೆಟ್ ಕೆಳಗಿನ ವಾಲ್ವು, ಸಿಂಕ್ ಕೆಳಗೆ ಕೈಯಲ್ಲೇ ಬಿಗಿ ಮಾಡಿರೋ ನಟ್ಟು, ಫಿಲ್ಟರ್ ಡಬ್ಬ. ರಸ್ತೆ ಮೇಲೆ ಅಲ್ಲಾಡಿ ಅಲ್ಲಾಡಿ ಇವೆಲ್ಲ ಸಡ್ಲ ಆಗಿರತ್ತೆ. ಯಾರಾದ್ರೂ ತುಂಬಾ ಹಳೇ ಗಾಡಿ ತಗೊಂಡಿದ್ರೆ, ಬೂದು ಬಣ್ಣದ ಪಾಲಿಬ್ಯುಟಿಲೀನ್ ಪೈಪ್ ಇರೋದು, 1995ಕ್ಕೆ ಮುಂಚಿನದ್ದು, ಅವ್ರು 40 ದಾಟಿಸ್ಬೇಡಿ.

ಇನ್ನು ಹಾಕೋ ಜಾಗ. ಇದೊಂದು ದಯವಿಟ್ಟು ತಪ್ಪಿಸ್ಬೇಡಿ, ರೆಗ್ಯುಲೇಟರ್ ಕ್ಯಾಂಪ್‌ಗ್ರೌಂಡ್ ನಲ್ಲಿಗೇ ನೇರ ಹಾಕ್ಬೇಕು, ಟ್ರೈಲರ್ ಬದೀಲಿ ಅಲ್ಲ. ಟ್ರೈಲರ್ ಕಡೆ ಹಾಕಿದ್ರೆ ಗಾಡಿ ಉಳಿಯತ್ತೆ, ಹೋಸ್ ಮಾತ್ರ ಪೂರ್ತಿ ಪ್ರೆಶರ್ ತಿಂತಾ ಬಿಸಿಲಲ್ಲಿ ಬಿದ್ದಿರತ್ತೆ, ಮೋಆಬ್ ಬಿಸಿಲಿಗೆ ಹೋಸ್ ಮೆತ್ತಗಾಗಿ ಉಬ್ಬಿ ಒಡೆಯೋದು ಅಲ್ಲೇ. ನಲ್ಲಿಗೆ ರೆಗ್ಯುಲೇಟರ್, ಆಮೇಲೆ ಫಿಲ್ಟರ್, ಆಮೇಲೆ ಕುಡಿಯೋ ನೀರಿನ ಹೋಸ್, ಆಮೇಲೆ ಗಾಡಿ. ಹಾಕೋಕೆ ಮುಂಚೆ ನಲ್ಲಿ ಅರ್ಧ ನಿಮಿಷ ಹಾಗೇ ಬಿಟ್ಟು ಮರಳು ಕಸ ಹೋಗ್ಲಿ, ಇಲ್ಲಾಂದ್ರೆ ರೆಗ್ಯುಲೇಟರ್ ಬಾಯಲ್ಲಿರೋ ಜಾಲರಿ ಕಟ್ಕೊಂಡು ಪ್ರೆಶರ್ ಇಲ್ಲ ಅಂತ ಒದ್ದಾಡ್ತೀರ.

ಕ್ಯಾಂಪ್‌ಗ್ರೌಂಡಲ್ಲಿ ಯಾಕೆ ಪ್ರೆಶರ್ ಅಷ್ಟೊಂದು ಅಂದ್ರೆ, ಟ್ಯಾಂಕ್ ಗುಡ್ಡದ ಮೇಲಿರತ್ತೆ, ನಾವು ಕಣಿವೆಲಿರ್ತೀವಿ. ಪ್ರತಿ ಅಡಿ ಇಳಿಜಾರಿಗೆ 0.433 ಪಿಎಸ್‌ಐ ಸೇರತ್ತೆ, 200 ಅಡಿ ಕೆಳಗಿದ್ರೆ ಅದೊಂದ್ರಿಂದಲೇ 86. ಸಂಜೆ ಎಲ್ರೂ ಸ್ನಾನ ಮಾಡೋವಾಗ ಕಮ್ಮಿ ಇರತ್ತೆ, ರಾತ್ರಿ ಎಲ್ಲಾ ಮಲಗಿದ್ಮೇಲೆ ಏರತ್ತೆ. ಹಂಗಾಗಿ ಸಂಜೆ ಗೇಜ್ ನೋಡಿ ಸರಿ ಇದೆ ಅಂತ ರೆಗ್ಯುಲೇಟರ್ ಬಿಡೋ ಹಾಗಿಲ್ಲ. ಮತ್ತೆ ಎಲ್ಲಾದ್ರೂ ಸುತ್ತೋಕೆ ಹೊರಟಾಗ ನಲ್ಲಿ ಬಂದ್ ಮಾಡಿ ಹೋಗಿ, ರೆಗ್ಯುಲೇಟರ್ ಇದ್ರೂ ಸರಿಯೇ, ಖಾಲಿ ಗಾಡಿಲಿ ಒಂದು ನಟ್ ಬಿಟ್ಕೊಂಡ್ರೆ ಸಂಜೆ ಹೊತ್ತಿಗೆ ಫ್ಲೋರ್ ಪೂರ್ತಿ ಹೋಯ್ತು.

ಪೈಪ್_ಲೆಕ್ಕ:

ಗಾಲಿ_ಮನೆಯವ್ರು ಹೇಳಿದ್ದು ಅಕ್ಷರಶಃ ಸರಿ. ಒಂದೇ ಸೇರಿಸ್ತೀನಿ, ಅಡ್ಜಸ್ಟ್ ಮಾಡೋ ರೀತಿ. ಸ್ಕ್ರೂ ಬಲಕ್ಕೆ ತಿರುಗಿಸಿದ್ರೆ ಪ್ರೆಶರ್ ಏರತ್ತೆ, ಎಡಕ್ಕೆ ಇಳಿಯತ್ತೆ. ಏರ್ಸೋವಾಗ ಮುಳ್ಳು ತಕ್ಷಣ ಕಾಣ್ಸತ್ತೆ, ಆದ್ರೆ ಇಳ್ಸೋವಾಗ ಎಷ್ಟು ತಿರುಗಿಸಿದ್ರೂ ಮುಳ್ಳು ಅಲ್ಲೇ ನಿಂತಿರತ್ತೆ, ಯಾಕಂದ್ರೆ ಆಚೆ ಕಡೆ ಹೋಸಲ್ಲಿ ಸಿಕ್ಕೊಂಡಿರೋ ನೀರಿಗೆ ಹೋಗೋಕೆ ದಾರಿ ಇಲ್ಲ. ಒಳಗಿನ ಒಂದು ನಲ್ಲಿ ಬಿಟ್ಟು ಮುಚ್ಚಿ, ಆಮೇಲೆ ಗೇಜ್ ಓದಿ. ಇದು ತಿಳೀದೆ ಪೀಸ್ ಕೆಟ್ಟಿದೆ ಅಂತ ವಾಪಸ್ ಕೊಡೋರು ಬೇಕಾದಷ್ಟು ಜನ.

ಈಗ ಮನೆ ವಿಷ್ಯ. ನಾನು ನ್ಯೂಜೆರ್ಸಿಲಿ ಬಿಲ್ಡಿಂಗ್ ಪ್ಲಂಬಿಂಗ್ ಡಿಸೈನ್ ಮಾಡೋದು, ಹಂಗಾಗಿ ಸ್ವಲ್ಪ ಉದ್ದ ಆಗತ್ತೆ, ಸಹಿಸ್ಕೊಳ್ಳಿ. ಆರ್‌ವಿ ರೆಗ್ಯುಲೇಟರ್ ಮನೆ ಲೈನ್‌ಗೆ ಬೇಡವೇ ಬೇಡ. ಅದ್ರ ತಿರುಪು ಗಾರ್ಡನ್ ಹೋಸ್‌ದು, ಮನೆ ಪೈಪಿನ ತಿರುಪೇ ಬೇರೆ, ರಬ್ಬರ್ ವಾಷರ್ ಮೇಲೆ ನಿಲ್ಲೋ ಜಾಯಿಂಟನ್ನ ಗೋಡೆ ಒಳಗೆ ವರ್ಷಗಟ್ಲೆ ನಂಬೋ ಹಾಗಿಲ್ಲ. ಎರಡು ಬಾತ್‌ರೂಮ್, ಡಿಶ್‌ವಾಷರ್, ವಾಷಿಂಗ್ ಮಷೀನ್ ಒಟ್ಟಿಗೆ ಓಡಿದ್ರೆ ಅಷ್ಟು ನೀರು ಅದ್ರಲ್ಲಿ ಹರಿಯಲ್ಲ. ಮನೆಗೆ ಬೇಕಾಗಿರೋದು ಪಿಆರ್‌ವಿ, ಪ್ರೆಶರ್ ರೆಡ್ಯೂಸಿಂಗ್ ವಾಲ್ವ್, ಕೆಲ್ಸ ಮಾಡೋ ತತ್ವ ಒಂದೇ, ಸ್ಪ್ರಿಂಗ್ ಒಂದು ಕಡೆಯಿಂದ ಒತ್ತತ್ತೆ, ನೀರು ಡಯಾಫ್ರಮ್ ಮೂಲಕ ಇನ್ನೊಂದು ಕಡೆಯಿಂದ ಒತ್ತತ್ತೆ, ಎರಡೂ ಸಮ ಆದಾಗ ವಾಲ್ವ್ ಮುಚ್ಕೊಳ್ಳತ್ತೆ. ಎಎಸ್‌ಎಸ್‌ಇ 1003 ಅಂತ ಸ್ಟ್ಯಾಂಡರ್ಡ್ ಇದೆ, ಬಾಡಿ ಮೇಲೆ ಅದು ಬರ್ದಿರೋದು ತಗೊಳ್ಳಿ. ಇಲ್ಲಿನ ಎರಡು ಮುಖ್ಯ ಪ್ಲಂಬಿಂಗ್ ಕೋಡ್‌ಗಳೂ ಮನೆ ಒಳಗೆ ಪ್ರೆಶರ್ 80 ಪಿಎಸ್‌ಐ ದಾಟಿದ್ರೆ ಇದು ಇರ್ಲೇಬೇಕು ಅನ್ನತ್ತೆ. 95 ಅಂದ್ರೆ ನಿಮಗೆ ಖಂಡಿತ ಬೇಕು.

ಆದ್ರೆ ತಗೊಳ್ಳೋಕೆ ಮುಂಚೆ ಬೇಸ್‌ಮೆಂಟಿಗೆ ಇಳಿದು ಮೇನ್ ಲೈನ್ ಒಳಗೆ ಬರೋ ಜಾಗ ನೋಡಿ. ಮೀಟರ್, ಶಟ್ ಆಫ್ ವಾಲ್ವ್ ಆದ್ಮೇಲೆ ಗಂಟೆ ಆಕಾರದ ಹಿತ್ತಾಳೆ ಪೀಸ್ ಇದ್ದು, ತಲೆ ಮೇಲೆ ಸ್ಕ್ರೂ ಮತ್ತು ಲಾಕ್ ನಟ್ ಇದ್ರೆ ಪಿಆರ್‌ವಿ ಈಗಾಗ್ಲೇ ಇದೆ ಅಂತ ಅರ್ಥ. ಆಗ ಎರಡು ಸಾಧ್ಯತೆ, ಒಂದೋ ಅದು ಸವೆದು ಹೋಗಿದೆ, ಹತ್ತು ಹದಿನೈದು ವರ್ಷಕ್ಕೆ ಒಳಗೆ ವಾಲ್ವ್ ಮುಚ್ಕೊಂಡು ಕೂರೋ ಸೀಟು, ಡಯಾಫ್ರಮ್ ಹೋಗೋದು ಮಾಮೂಲು, ಇಲ್ಲಾ ಗಾರ್ಡನ್ ನಲ್ಲಿಯ ಲೈನ್ ಪಿಆರ್‌ವಿಗಿಂತ ಮುಂಚೆನೇ ಕವಲು ಒಡೆದಿದೆ, ಎಷ್ಟೋ ಮನೇಲಿ ಹಂಗೇ ಮಾಡಿರ್ತಾರೆ. ಎರಡನೇದಾದ್ರೆ ನೀವು ನೋಡಿದ 95 ರಸ್ತೆ ಪ್ರೆಶರ್, ಮನೆ ಒಳಗಿಂದಲ್ಲ. ಅದಕ್ಕೆ ವಾಟರ್ ಹೀಟರ್ ಕೆಳಗಿನ ಡ್ರೈನ್ ವಾಲ್ವ್‌ಗೋ ವಾಷಿಂಗ್ ಮಷೀನ್ ನಲ್ಲಿಗೋ ಗೇಜ್ ಹಾಕಿ ಮತ್ತೆ ನೋಡಿ. ಗರಿಷ್ಠ ಎಷ್ಟು ಏರಿತ್ತು ಅಂತ ತೋರಿಸೋ ಇನ್ನೊಂದು ಕೆಂಪು ಮುಳ್ಳಿರೋ ಗೇಜ್ ಸಿಗತ್ತೆ, ಅದನ್ನ ರಾತ್ರಿ ಪೂರ್ತಿ ಬಿಡಿ. ಹಗಲಿನ ರೀಡಿಂಗ್ ಒಂದೇ ನೋಡಿ ಯಾವ ತೀರ್ಮಾನಕ್ಕೂ ಬರ್ಬೇಡಿ.

ಇದಕ್ಕಿಂತ ಮುಖ್ಯ ಎಕ್ಸ್‌ಪಾನ್ಷನ್ ಟ್ಯಾಂಕ್, ಅಂದ್ರೆ ಹಿಗ್ಗಿದ ನೀರಿಗೆ ಜಾಗ ಕೊಡೋ, ಒಳಗೆ ಗಾಳಿ ತುಂಬಿರೋ ಸಣ್ಣ ಟ್ಯಾಂಕ್, ಇದನ್ನ ಬಿಟ್ಟು ಪಿಆರ್‌ವಿ ಒಂದೇ ಹಾಕ್ಸೋದು ಅರ್ಧ ಕೆಲ್ಸ. ನೀರು ಕಾದಾಗ ಹಿಗ್ಗತ್ತೆ. 50 ಗ್ಯಾಲನ್ ಹೀಟರ್ ಟ್ಯಾಂಕಿನ ನೀರು 10 ಡಿಗ್ರಿಯಿಂದ 50 ಡಿಗ್ರಿಗೆ ಕಾದ್ರೆ ಎರಡು ಲೀಟರ್‌ಗಿಂತ ಜಾಸ್ತಿ ಉಬ್ಬತ್ತೆ. ಪಿಆರ್‌ವಿ ಇಲ್ದೆ ಇದ್ದಾಗ ಆ ಹೆಚ್ಚಿನ ನೀರು ರಸ್ತೆ ಪೈಪಿಗೇ ವಾಪಸ್ ತಳ್ಕೊಂಡು ಹೋಗ್ತಿತ್ತು, ಪಿಆರ್‌ವಿ ಹಾಕಿದ್ಮೇಲೆ ಆ ಬಾಗಿಲು ಮುಚ್ಚಿತು. ಎಲ್ಲಾ ನಲ್ಲಿ ಬಂದ್ ಇರೋವಾಗ ಹೀಟರ್ ಆನ್ ಆದ್ರೆ ಮನೆ ಒಳಗಿನ ಪ್ರೆಶರ್ ಸರ್ರಂತ ಏರತ್ತೆ, ಕೊನೆಗೆ ಹೀಟರ್ ಮೇಲಿನ ಸೇಫ್ಟಿ ವಾಲ್ವ್ 150ಕ್ಕೆ ಬಿಟ್ಕೊಂಡು ನೀರು ಸುರಿಸತ್ತೆ. ಕೆಲವು ಪಿಆರ್‌ವಿಲಿ ಬೈಪಾಸ್ ಇದೆ, ಟ್ಯಾಂಕ್ ಬೇಡ ಅಂತ ಹೇಳೋ ಪ್ಲಂಬರ್‌ಗಳಿದಾರೆ, ಆದ್ರೆ ಬೈಪಾಸ್ ತೆರೆಯೋದು ಒಳಗಿನ ಪ್ರೆಶರ್ ರಸ್ತೆ ಪ್ರೆಶರ್ ದಾಟಿದಾಗ ಮಾತ್ರ, ನಿಮ್ಮ ರಸ್ತೇಲಿ 95 ಇದ್ರೆ ಒಳಗೂ 95 ಆಗೋ ತನಕ ಅದು ಸುಮ್ನೆ ಕೂತಿರತ್ತೆ. ಟ್ಯಾಂಕ್ ಹಾಕ್ಸಿ, ಅದ್ರ ಗಾಳಿ ಪ್ರೆಶರ್ ಮನೆ ಪ್ರೆಶರ್‌ಗೆ ಸಮ ಇರ್ಲಿ, ಸೈಕಲ್ ಪಂಪಲ್ಲೇ ತುಂಬ್ಬೋದು, ನೀರು ಬಿಡೋಕೆ ಮುಂಚೆ ತುಂಬ್ಬೇಕು ಅಷ್ಟೇ.

ಗೋಡೆ ಒಳಗಿನ ದಬ್ ಸದ್ದು ಪ್ರೆಶರ್ ಇಳಿದ್ರೆ ಕಮ್ಮಿ ಆಗತ್ತೆ, ಪೂರ್ತಿ ಹೋಗ್ದೇ ಇರ್ಬೋದು. ಮಷೀನಿನ ವಾಲ್ವ್ ಫಟ್ ಅಂತ ಮುಚ್ಚೋದ್ರಿಂದ ಓಡ್ತಿರೋ ನೀರು ಒಮ್ಮೆಲೇ ನಿಂತು ಬಡಿಯೋ ಸದ್ದು ಅದು, ಮಷೀನ್ ನಲ್ಲಿ ಹತ್ರ ಆ ಹೊಡೆತ ಹೀರ್ಕೊಳ್ಳೋ ಒಂದು ಹ್ಯಾಮರ್ ಅರೆಸ್ಟರ್ ಹಾಕ್ಸಿ.

ಬನಶಂಕರಿ_ಮನೆ:

ಇಷ್ಟು ವಿವರವಾಗಿ ಬರ್ದಿದ್ದಕ್ಕೆ ಎಲ್ರಿಗೂ ಥ್ಯಾಂಕ್ಸ್ ಸರ್. ಬೆಂಗಳೂರಿಂದ ನನ್ದೊಂದು ಪ್ರಶ್ನೆ. ತಮ್ಮ ಅಮೆರಿಕದಿಂದ ಬರ್ತಿದಾನೆ, ಈ ಗೇಜ್ ಇರೋ ರೆಗ್ಯುಲೇಟರ್ ತರ್ಸಲಾ ಅಂತ. ಹೊಸದಾಗಿ 14 ಫ್ಲೋರಿನ ಅಪಾರ್ಟ್‌ಮೆಂಟಲ್ಲಿ ಎರಡನೇ ಮಹಡಿಗೆ ಬಂದಿದೀವಿ, ಅಡುಗೆಮನೆ ಆರ್‌ಒ ಮಷೀನಿನ ಬಿಳಿ ಪೈಪು ಪದೇ ಪದೇ ಕಿತ್ಕೊಂಡು ಬರತ್ತೆ, ರಾತ್ರಿ ಹೊತ್ತೇ ಜಾಸ್ತಿ. ಬನಶಂಕರಿ ಹಳೇ ಮನೇಲಿ ಇದೇ ಮಷೀನ್ ಎಷ್ಟೋ ವರ್ಷ ಏನೂ ತೊಂದ್ರೆ ಕೊಟ್ಟಿರ್ಲಿಲ್ಲ. ಆ ಮನೇಲಿ ಈಗ ಬಾಡಿಗೆಗೆ ಇರೋರು ಶವರಲ್ಲಿ ನೀರೇ ಬರಲ್ಲ, ಅಲ್ಲೂ ಏನಾದ್ರೂ ಹಾಕ್ಸಿ ಅಂತಿದಾರೆ.

ಕನಕಪುರ_ರೋಡ್:

ಅಕ್ಕ, ತರ್ಸೋಕೆ ಹೋಗ್ಬೇಡಿ. ಅಲ್ಲಿನ ಹೋಸ್ ತಿರುಪು ಇಂಚಿಗೆ ಹನ್ನೊಂದೂವರೆ ಸುತ್ತು, ನಮ್ಮಲ್ಲಿ ಬಳ್ಸೋ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆ) ತಿರುಪು ಮುಕ್ಕಾಲು ಇಂಚಿನ ಪೈಪಲ್ಲಿ ಇಂಚಿಗೆ 14 ಸುತ್ತು, ಒಂದೆರಡು ಸುತ್ತು ಹೋಗಿ ಸಿಕ್ಕಾಕೊಳ್ಳತ್ತೆ, ಟೆಫ್ಲಾನ್ ಟೇಪ್ ಎಷ್ಟು ಸುತ್ತಿದ್ರೂ ಲೀಕೇ. ನಾನು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ನೀರಿನ ಕೆಲ್ಸ ನೋಡ್ಕೊಳ್ತೀನಿ, ಇಲ್ಲೇ ಬೇಕಾದ್ದು ಸಿಗತ್ತೆ.

ನಿಮ್ಮ ಹಳೇ ಮನೆ ಕಥೆ ಬೇರೆ, ಹೊಸ ಫ್ಲಾಟ್ ಕಥೆ ಬೇರೆ. ಟ್ಯಾಂಕಿಂದ ಹತ್ತು ಮೀಟರ್ ಕೆಳಗಿದ್ರೆ ಒಂದು ಬಾರ್, ಅಂದ್ರೆ 14 ಪಿಎಸ್‌ಐ ಚಿಲ್ಲರೆ. ಹಳೇ ಮನೇಲಿ ತಾರಸಿ ಮೇಲಿನ ಟ್ಯಾಂಕು ಶವರಿಂದ ಮೂರು ಮೀಟರ್ ಮೇಲಿದ್ರೆ 0.3 ಬಾರ್ ಅಷ್ಟೇ, ಅಲ್ಲಿ ಇಳ್ಸೋಕೆ ಏನೂ ಇಲ್ಲ, ರೆಗ್ಯುಲೇಟರ್ ಇರೋ ಪ್ರೆಶರ್‌ನ ಇಳ್ಸತ್ತೆ ಹೊರತು ಏರ್ಸಲ್ಲ. ಅಲ್ಲಿಗೆ ಬೇಕಾಗಿರೋದು ಟ್ಯಾಂಕ್ ಸ್ಟ್ಯಾಂಡ್ ಎತ್ತರ ಮಾಡ್ಸೋದು ಇಲ್ಲಾ ಪ್ರೆಶರ್ ಪಂಪ್. ಪಂಪ್ ಹಾಕ್ಸೋಕೆ ಮುಂಚೆ ತಾರಸಿ ಮೇಲೆ ಸೋಲಾರ್ ಇದೆಯಾ ನೋಡಿ. ನಮ್ಮ ಕಡೆ ಮನೆಗಳಲ್ಲಿರೋ ಗ್ಲಾಸ್ ಟ್ಯೂಬ್ ಸೋಲಾರ್ ಬಹುಪಾಲು ಪ್ರೆಶರ್ ತಡಿಯೋದಲ್ಲ, ಅದ್ರ ಟ್ಯಾಂಕಿಗೆ ಒಂದು ಏರ್ ಪೈಪ್ ಮೇಲಕ್ಕೆ ತೆರೆದೇ ಇರತ್ತೆ. ಪಂಪ್ ಲೈನ್ ಅದಕ್ಕೆ ಕೊಟ್ರೆ ಟ್ಯಾಂಕೇ ಹಾಳು. ತಣ್ಣೀರಿಗೆ ಮಾತ್ರ ಪಂಪ್ ಕೊಟ್ಟು ಬಿಸಿನೀರು ಹಾಗೇ ಬಿಟ್ರೂ ತೊಂದ್ರೆನೇ, ಮಿಕ್ಸರಲ್ಲಿ ಜೋರಾದ ತಣ್ಣೀರು ಬಿಸಿನೀರಿನ ಲೈನ್ ಒಳಗೆ ವಾಪಸ್ ನುಗ್ಗಿ ಸೋಲಾರ್ ಏರ್ ಪೈಪಿಂದ ಮೇಲೆ ಉಕ್ಕತ್ತೆ, ಶವರಲ್ಲಿ ಬಿಸಿನೀರೇ ಬರಲ್ಲ. ಇದನ್ನ ಬಲ್ಲ ಪ್ಲಂಬರ್ ಹತ್ರನೇ ಮಾಡ್ಸಿ, ದುಡ್ಡು ನಾಲ್ಕು ಕಾಸು ಜಾಸ್ತಿ ಆದ್ರೂ ಪರ್ವಾಗಿಲ್ಲ.

ಹೊಸ ಫ್ಲಾಟಲ್ಲಿ ನಿಮ್ಮ ತಲೆ ಮೇಲೆ 12 ಮಹಡಿ, ಮೂರು ಮೀಟರ್‌ನಂತೆ 36 ಮೀಟರ್, ಮೂರೂವರೆ ಬಾರ್ ಮೇಲಾಯ್ತು. ಆರ್‌ಒ ಮಷೀನಿನ ಒತ್ತಿ ಕೂರಿಸೋ ಪೈಪಿಗೆ ಅದು ಜಾಸ್ತಿ. ಆರ್‌ಒ ಲೈನ್‌ಗೆ ಅಂತಲೇ ಬೆರಳುದ್ದದ ಸಣ್ಣ ಪ್ರೆಶರ್ ವಾಲ್ವ್ ಬರತ್ತೆ, ಸರ್ವಿಸ್ ಹುಡುಗನ್ನ ಕೇಳಿದ್ರೆ ಅವ್ನೇ ತಂದು ಹಾಕ್ತಾನೆ. ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. ಇಷ್ಟು ಎತ್ತರದ ಬಿಲ್ಡಿಂಗಲ್ಲಿ ಕೆಳಗಿನ ಮಹಡಿಗಳಿಗೆ ಶಾಫ್ಟ್ ಒಳಗೆ ಪಿಆರ್‌ವಿ ಹಾಕಿರ್ತಾರೆ, ಆರ್‌ಒ ಪೈಪ್ ಕಿತ್ಕೊಳ್ತಿದೆ ಅಂದ್ರೆ ಆ ಪಿಆರ್‌ವಿ ಕೈ ಕೊಟ್ಟಿರೋ ಸಾಧ್ಯತೆ ಬಹಳ. ರಾತ್ರಿ ಹೊತ್ತೇ ಜಾಸ್ತಿ ಅಂದ್ರಲ್ಲ, ಅದೇ ಗುರುತು, ಸೀಟ್ ಸರಿಯಾಗಿ ಮುಚ್ಕೊಳ್ದೆ ಒಂಚೂರು ಒಂಚೂರೇ ನೀರು ಜಿನುಗಿ ಬೆಳಗಾಗೋ ಹೊತ್ತಿಗೆ ಮೇಲಿನ ಪ್ರೆಶರ್ ಪೂರ್ತಿ ನಿಮ್ಮ ಲೈನಲ್ಲಿರತ್ತೆ. ಬೋರ್‌ವೆಲ್ ನೀರಿನ ಸುಣ್ಣ, ಟ್ಯಾಂಕರ್ ನೀರಿನ ಮರಳು ಎರಡೂ ಆ ಸೀಟಿನ ಮೇಲೆ ಕೂರತ್ತೆ. ಶಾಫ್ಟ್ ಬೀಗ ನೀವೇ ತೆಗೆದು ಸ್ಕ್ರೂ ತಿರುಗಿಸ್ಬೇಡಿ, ಒಂದೇ ವಾಲ್ವ್ ಮೇಲೆ ನಾಲ್ಕಾರು ಮನೆ ಇರತ್ತೆ. ಅಸೋಸಿಯೇಷನ್‌ಗೆ ಲಿಖಿತವಾಗಿ ಕೊಡಿ, ಗೇಜ್ ಹಾಕಿ ರಾತ್ರಿ ರೀಡಿಂಗ್ ತೆಗೀರಿ ಅಂತ ಕೇಳಿ, ಜಾಲರಿ ಬಿಚ್ಚಿ ತೊಳ್ಸಿ ಅಂತ ಕೇಳಿ. ನಿಮ್ಮ ಆರ್‌ಒ ಇವತ್ತು, ನಾಳೆ ಪಕ್ಕದ ಮನೆ ಗೀಸರ್ ಕೆಳಗಿನ ಜಾಲರಿ ಪೈಪ್ ಒಡೀಬೋದು, ಊರಿಗೆ ಹೋದವ್ರ ಮನೆ ಆದ್ರೆ ಕೆಳಗಿನ ಫ್ಲಾಟ್ ಚಾವಣಿ ತನಕ ಹೋಗತ್ತೆ.

ಬನಶಂಕರಿ_ಮನೆ:

ಹಾಗಾದ್ರೆ ತಮ್ಮಂಗೆ ಬೇಡ ಅಂತೀನಿ. ಸೋಲಾರ್ ಇದೆ ಹಳೇ ಮನೇಲಿ, ಪಂಪಿಗೆ ಅಡ್ವಾನ್ಸ್ ಕೊಡೋದ್ರಲ್ಲಿದ್ವಿ, ಪ್ಲಂಬರ್‌ಗೆ ಈಗಲೇ ಫೋನ್ ಮಾಡ್ತೀನಿ.

ಹಾಸನ_ಟು_ಡೆನ್ವರ್:

ಅಪ್ಡೇಟ್ ಕೊಡೋಣ ಅಂತ ಬಂದೆ. ಪೈಪ್_ಲೆಕ್ಕ ಸರ್ ಹೇಳಿದ ಹಾಗೆ ಬೇಸ್‌ಮೆಂಟಲ್ಲಿ ಹುಡುಕಿದ್ರೆ ಶೆಲ್ಫ್ ಹಿಂದೆ ಗಂಟೆ ಆಕಾರದ್ದು ಸಿಕ್ತು, ಮನೆ ಕಟ್ಟಿದಾಗಿಂದ ಯಾರೂ ಮುಟ್ಟಿಲ್ಲ ಅನ್ಸತ್ತೆ, ಹಸಿರು ಹಿಡಿದಿತ್ತು. ಹೀಟರ್ ಡ್ರೈನ್‌ಗೆ ಗೇಜ್ ಹಾಕಿದ್ರೆ ಒಳಗೂ ಹಗಲು 95, ಕೆಂಪು ಮುಳ್ಳು ಬೆಳಿಗ್ಗೆ 112ರಲ್ಲಿ ನಿಂತಿತ್ತು. ಲೈಸೆನ್ಸ್ ಇರೋ ಪ್ಲಂಬರ್ ಬಂದು ಪಿಆರ್‌ವಿ ಬದಲಾಯ್ಸಿ ಎಕ್ಸ್‌ಪಾನ್ಷನ್ ಟ್ಯಾಂಕೂ ಹಾಕಿದ್ರು, ಎರಡೂ 55ಕ್ಕೆ. ಟಾಯ್ಲೆಟ್ ಸೀಟಿ ಸದ್ದು ಪೂರ್ತಿ ಹೋಯ್ತು, ವಾಷಿಂಗ್ ಮಷೀನ್ ದಬ್ ಅನ್ನೋದು ಸ್ವಲ್ಪ ಉಳ್ದಿದೆ, ಅರೆಸ್ಟರ್ ಆರ್ಡರ್ ಮಾಡಿದೀನಿ.

ಟ್ರೈಲರ್‌ಗೆ ಗೇಜ್ ಇರೋದೇ ತಗೊಂಡೆ. ಮನೆ ಮುಂದೆ ನಿಲ್ಸಿ ಟೆಸ್ಟ್ ಮಾಡಿದ್ವಿ, ನಲ್ಲಿ ಮುಚ್ಚಿದಾಗ 50, ಶವರ್ ಬಿಟ್ರೆ 42ಕ್ಕೆ ಬಂದು ನಿಲ್ಲತ್ತೆ, ನನ್ನ ಹೆಂಡ್ತಿ ಸ್ನಾನ ಮಾಡಿ ನೋಡಿ ಮನೆ ಶವರಿಗೆ ಏನೂ ಕಮ್ಮಿ ಇಲ್ಲ ಅಂದ್ಲು. ಇನ್ನೊಂದೇ ಡೌಟು, ಟ್ರೈಲರ್‌ನ ಫ್ರೆಶ್ ವಾಟರ್ ಟ್ಯಾಂಕ್ ತುಂಬೋವಾಗಲೂ ರೆಗ್ಯುಲೇಟರ್ ಬೇಕಾ? ಮತ್ತೆ ಚಳಿಗಾಲಕ್ಕೆ ಇದನ್ನ ಏನ್ ಮಾಡೋದು?

ಗಾಲಿ_ಮನೆ:

ಟ್ಯಾಂಕಿಗೆ ಏರ್ ಪೈಪ್ ಇರತ್ತೆ, ಹೋಸ್ ಬಾಯಿ ಬರೀ ಒಳಗಿಟ್ಟು ತುಂಬೋ ತರದ್ದಾದ್ರೆ ಪ್ರೆಶರ್ ಕೂರಲ್ಲ, ರೆಗ್ಯುಲೇಟರ್ ಇಲ್ದೆ ತುಂಬಿದ್ರೆ ಬೇಗ ಆಗತ್ತೆ. ಆದ್ರೆ ಕೆಲವು ಗಾಡಿಲಿ ಒಂದೇ ಇನ್ಲೆಟ್ ಇದ್ದು ಹ್ಯಾಂಡಲ್ ತಿರುಗಿಸಿ ಟ್ಯಾಂಕ್ ಅಥವಾ ಸಿಟಿ ವಾಟರ್ ಅಂತ ಆರಿಸೋದಿರತ್ತೆ, ಅಂಥದ್ದಾದ್ರೆ ರೆಗ್ಯುಲೇಟರ್ ತೆಗೀಬೇಡಿ, ಹ್ಯಾಂಡಲ್ ಸಿಟಿ ವಾಟರ್ ಕಡೆ ಇದ್ದುಬಿಟ್ರೆ ಪೂರ್ತಿ ಪ್ರೆಶರ್ ಒಳಗೆ ನುಗ್ಗತ್ತೆ. ಮೋಆಬಲ್ಲಿ ಟ್ಯಾಂಕ್ ಅರ್ಧ ತುಂಬ್ಸಿಟ್ಕೊಂಡೇ ಇರಿ, ಕ್ಯಾಂಪ್‌ಗ್ರೌಂಡ್ ನೀರು ಕೈ ಕೊಟ್ರೂ ಪಂಪ್ ಹಾಕ್ಕೊಂಡು ಅಮ್ಮನ ಸ್ನಾನ ಆಗತ್ತೆ.

ಚಳಿಗಾಲದ್ದು, ಡೆನ್ವರಲ್ಲಿ ಅಕ್ಟೋಬರ್ ಬಂತು ಅಂದ್ರೆ ರಾತ್ರಿ ಸೊನ್ನೆ ಡಿಗ್ರಿ ಮುಟ್ಟೋ ಮುಂಚೆ ಬಿಚ್ಚಿಬಿಡಿ. ಒಳಗೆ ಒಂದು ಚಮಚ ನೀರು ಉಳಿದು ಹೆಪ್ಪುಗಟ್ಟಿದ್ರೂ ಡಯಾಫ್ರಮ್ ಹರಿಯತ್ತೆ, ಗೇಜಿನ ಟ್ಯೂಬ್ ಸೆಟೆಯತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಮುಂದಿನ ಸಲ ಹಾಕಿದಾಗ ಇಳ್ಸೋ ಕೆಲ್ಸನೇ ಮಾಡಲ್ಲ. ಬಿಚ್ಚಿ, ಎರಡೂ ಬಾಯಿ ಕೆಳಗೆ ಮಾಡಿ ಚೆನ್ನಾಗಿ ಕುಟ್ಟಿ ನೀರು ಬಸಿದು, ಸ್ಕ್ರೂ ಎಡಕ್ಕೆ ಸಡ್ಲ ಮಾಡಿ ಮನೆ ಒಳಗೇ ಇಡಿ. ಚಳೀಲಿ ಟ್ರಿಪ್ ಹೋದ್ರೆ ಸಂಜೆನೇ ಹೋಸ್, ರೆಗ್ಯುಲೇಟರ್ ಎರಡೂ ಕಳಚಿ ಗಾಡಿ ಒಳಗೆ ಹಾಕ್ಕೊಂಡು ರಾತ್ರಿಗೆ ಟ್ಯಾಂಕ್ ನೀರು ಬಳ್ಸಿ. ಚಳಿ ಕಳೆದು ಮೊದಲ ಸಲ ಹಾಕೋವಾಗ ಟ್ರೈಲರ್‌ಗೆ ಜೋಡ್ಸೋಕೆ ಮುಂಚೆ ಮನೆ ನಲ್ಲಿಗೆ ರೆಗ್ಯುಲೇಟರ್ ಹಾಕಿ, ಸಡ್ಲ ಮಾಡಿದ್ದ ಸ್ಕ್ರೂ ಮತ್ತೆ 50ಕ್ಕೆ ಸೆಟ್ ಮಾಡಿ, ಹೋಸ್ ತುದಿಗೆ ಮುಚ್ಚೋ ವಾಲ್ವ್ ಕೊಟ್ಟು ಮುಚ್ಚಿ, ಒಂದು ಗಂಟೆ ಬಿಟ್ಟು ಗೇಜ್ ನೋಡಿ. 50ರಲ್ಲೇ ನಿಂತಿದ್ರೆ ಬಳ್ಸಿ, ಮೆಲ್ಲಗೆ ಮೇಲೆ ಹತ್ತಿದ್ರೆ ಹೊಸದು ತಗೊಳ್ಳಿ.